ಹಲಗೆ ಹಾಕದ ಬಾಗಿಲು

ಕಾಸ್ತೆಲ್ಲೊ, ವೆನಿಸ್
ಡಿಸೆಂಬರ್ ೧೪

ಪ್ರೀತಿಯ ತುಲ್ಲಿಯೊ,

ಮನೆಯಲ್ಲಿ ಎಲ್ಲರೂ ಆರೋಗ್ಯವೆಂದುಕೊಂಡಿದ್ದೇನೆ. ರೋಸೆಲ್ಲಾಳ ಬೆನ್ನುನೋವು ಇಳಿಯಿತೇ? ಪುಟ್ಟ ಅಂಬ್ರಾಗೆ ಮುಂದಿನ ಹಲ್ಲು ಬಂತೇ? ನೀನು ಅಷ್ಟು ಸಲ ಫೋನು ಮಾಡಿದರೂ ನಾನು ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಗೋಡೆ ತೊಳೆಯುತ್ತಿದ್ದೆ, ಕೈ ಒದ್ದೆಯಿತ್ತು ಎಂದು ರೋಸೆಲ್ಲಾಳಿಗೆ ಸಂದೇಶ ಕಳಿಸಿದ್ದು ಅರ್ಧ ನಿಜ. ಇನ್ನರ್ಧ ಏನೆಂದರೆ, ಫೋನಿನಲ್ಲಿ ನಾನು ಏನಾದರೂ ಕೇಳಿದರೆ ನೀನು "ಆಯ್ತಕ್ಕ, ಭಾನುವಾರ ಬರ್ತೀನಲ್ಲ, ಮಾತಾಡೋಣ" ಎನ್ನುತ್ತೀಯ. ಆ ದನಿ ಕೇಳಿದ ಕೂಡಲೇ ನಾನು ಪ್ರಶ್ನೆಯನ್ನು ನುಂಗಿಬಿಡುತ್ತೇನೆ. ಕಾಗದದಲ್ಲಿ ನಿನ್ನ ದನಿ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಸಮುದ್ರದ ನೀರು ನುಗ್ಗಿದ ಗೋಡೆಗಳನ್ನು ಸಿಹಿನೀರಿನಿಂದ ತೊಳೆದು ಮುಗಿಸಿದೆ. ಹಾಗೆ ತೊಳೆಯದಿದ್ದರೆ ಉಪ್ಪು ಇಟ್ಟಿಗೆಯೊಳಗೆ ಕೂತು ಎಷ್ಟು ವರ್ಷ ಮೇಲೇರುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಫ್ರಿಜ್ ಸತ್ತಿತು. ಕೆಳಗಿನ ಕಪಾಟಿನ ಪುಸ್ತಕಗಳನ್ನು ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಬಟ್ಟೆಯಂತೆ ನೇತುಹಾಕಿದ್ದೆ. ಕವನ ಸಂಕಲನಗಳು ತೆಳ್ಳಗಿದ್ದದ್ದರಿಂದ ಬೇಗ ಒಣಗಿದವು. ನಿಘಂಟು ಮಾತ್ರ ಉಬ್ಬಿಕೊಂಡು, ಏನು ಮಾಡಿದರೂ ಮುಚ್ಚುತ್ತಿಲ್ಲ. ಶಾಲೆಯ ಮಕ್ಕಳು ಅದನ್ನು ನೋಡಿ ನಕ್ಕರು. ನಾನೂ ನಕ್ಕೆ.

ಪಕ್ಕದ ಮನೆಯ ಸಿಯೋರಾ ಇನೆಸ್ ಹೊರಟುಹೋದಳು. ಆಚೆ ದಡದ ಮಾರ್ಗೇರಾದಲ್ಲಿರುವ ಸೊಸೆಯ ಮನೆಗೆ. ನಮ್ಮಿಬ್ಬರ ಮನೆಗೂ ಹೊರಬಾಗಿಲು ಒಂದೇ ಆದದ್ದರಿಂದ ನೀರು ಭೇದ ಮಾಡಲಿಲ್ಲ, ನನ್ನ ಅಡುಗೆಮನೆಗೆ ಬಂದಷ್ಟೇ ಅವಳ ಮಲಗುವ ಕೋಣೆಗೂ ಬಂತು. ನನ್ನದು ಸ್ವಂತ ಮನೆ, ಒರೆಸಿ ಕೂತೆ. ಅವಳದು ಬಾಡಿಗೆ. ಮಾಲೀಕ ಎರಡನೆಯ ದಿನವೇ ಒಬ್ಬ ಇಂಜಿನಿಯರನ್ನು ಕರೆತಂದ. ಆತ ಗೋಡೆಗೆ ಏನೋ ಯಂತ್ರ ಒತ್ತಿ ನೋಡಿ, ಇಲ್ಲಿ ಮನುಷ್ಯರು ಇರುವಂತಿಲ್ಲ ಎಂದ. "ಹಾಗಾದ್ರೆ ಇಷ್ಟು ವರ್ಷ ಇದ್ದ ನಾನು ಏನು, ಏಡಿಯಾ?" ಎಂದು ಇನೆಸ್ ಕೇಳಿದಳು. ಅವನು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಮನುಷ್ಯರು ಇರುವಂತಿಲ್ಲದ ಆ ಕೋಣೆಗಳಲ್ಲಿ ಬೇಸಿಗೆಯ ಹೊತ್ತಿಗೆ ಚಕ್ರದ ಪೆಟ್ಟಿಗೆ ಎಳೆದುಕೊಂಡು ಯಾರು ಬಂದಿಳಿಯುತ್ತಾರೆಂದು ಓಣಿಯಲ್ಲಿ ಎಲ್ಲರಿಗೂ ಗೊತ್ತಿದೆ.

ಅವಳ ಹಾಸಿಗೆಯನ್ನು ದೋಣಿಗೆ ಇಳಿಸುವಾಗ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬೂಟು ಹಾಕಿಕೊಂಡ ಗಂಡಹೆಂಡಿರು ಸೇತುವೆಯ ಮೇಲೆ ನಿಂತು ಫೋಟೋ ತೆಗೆದರು. ಗಂಡ ನನ್ನ ಹತ್ತಿರ ಬಂದು, ನಾಳೆ ನೀರು ಎಷ್ಟು ಗಂಟೆಗೆ ಬರುತ್ತದೆಂದು ಬಹಳ ವಿನಯದಿಂದ ವಿಚಾರಿಸಿದ. ಇನೆಸ್‌ಗೆ ಕೇಳಿಸಿತು. "ಟಿಕೆಟ್ ತಗೊಂಡಿದ್ದಾರಾ ಕೇಳು!" ಎಂದು ದೋಣಿಯಿಂದಲೇ ಕೂಗಿದಳು. ಆಮೇಲೆ ನನ್ನ ಕೈ ಹಿಡಿದು ಅಂದಳು: "ನೀರಿಗೆ ನನ್ನ ಮೇಲೆ ಏನೂ ಸಿಟ್ಟಿಲ್ಲ ಮಗಳೇ. ಅದಕ್ಕೆ ಯಾರೋ ನನ್ನ ವಿಳಾಸ ಕೊಟ್ಟಿದ್ದಾರೆ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು, ತುಲ್ಲಿಯೊ.

ಆ ಮಧ್ಯಾಹ್ನ ಏನಾಯಿತೆಂದು ನಿನಗೆ ನಿಮ್ಮ ಮುನ್ಸೂಚನೆ ಕೋಣೆಯ ಪರದೆಗಳ ಮೇಲೆ ಗೊತ್ತು. ನನಗೆ ಮೊಣಕಾಲಿನ ಮಟ್ಟದಲ್ಲಿ ಗೊತ್ತು. ಬೆಳಗಿನ ಮುನ್ಸೂಚನೆಯಲ್ಲಿ ನೀರು ಸಮುದ್ರ ತಡೆಯುವ ಗೇಟು ಎತ್ತುವ ಮಟ್ಟಕ್ಕೆ ಏರುವುದಿಲ್ಲ ಎಂದಿತ್ತು. ಸೈರನ್ ಆಗಲಿಲ್ಲ. ಸಿರೊಕ್ಕೊ ಗಾಳಿ ಮಧ್ಯಾಹ್ನ ಜೋರಾಯಿತು, ಸಮುದ್ರ ಒಳಗೆ ಬಂತು. ಫೋನಿಗೆ ಎಚ್ಚರಿಕೆ ಬರುವಾಗ ನಾನು ಶಾಲೆಯಿಂದ ಅರ್ಧ ದಾರಿಯಲ್ಲಿ ಸ್ಕರ್ಟು ಎತ್ತಿ ಹಿಡಿದು ನಿಂತಿದ್ದೆ. ಓಣಿಗೆ ತಿರುಗಿದಾಗ ಎಲ್ಲ ಬಾಗಿಲುಗಳೂ ನೀರು ಕುಡಿಯುತ್ತಿದ್ದವು. ರೊಟ್ಟಿಯಂಗಡಿ, ಚಪ್ಪಲಿ ರಿಪೇರಿಯವನದು, ನಮ್ಮದು. ಸಮುದ್ರದ ಬಾಯಲ್ಲಿ ಗೇಟು ಬಂದ ಮೇಲೆ ಬಾಗಿಲಿಗೆ ನೀರು ತಡೆಯುವ ಲೋಹದ ಹಲಗೆ ಸಿಕ್ಕಿಸುವ ಅಭ್ಯಾಸವನ್ನೇ ಜನ ಬಿಟ್ಟಿದ್ದಾರೆ. ಕೆಲವರು ಹಲಗೆಯನ್ನು ಹಳೆ ಕಬ್ಬಿಣಕ್ಕೆ ಹಾಕಿದ್ದೂ ಉಂಟು.

ಒಂದು ಬಾಗಿಲಿಗೆ ಮಾತ್ರ ಹಲಗೆ ಇತ್ತು. ಫೆರುಚ್ಚೊನ ಮುಖವಾಡದ ಅಂಗಡಿಗೆ. ಸುಮ್ಮನೆ ತುರುಕಿದ್ದಲ್ಲ. ರಬ್ಬರಿನ ಅಂಚು ಒತ್ತಿ, ತಿರುಪು ಬಿಗಿದು, ಸಂದಿಗೆ ಮಣ್ಣು ಮೆತ್ತಿ, ಆರಾಮವಾಗಿ ಮಾಡಿದ ಕೆಲಸ. ಗಾಜಿನೊಳಗೆ ನೋಡಿದರೆ ಕೆಳಗಿನ ಮುಖವಾಡಗಳೆಲ್ಲ ಮೇಲಿನ ಸಾಲಿಗೆ ಏರಿ ಕೂತಿದ್ದವು. ಒಣಗಿದ ನೆಲದ ಮೇಲೆ ಅವನು ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದ.

ಮರುದಿನ ತರಕಾರಿ ದೋಣಿಯ ವಾಂದಾಳ ಹತ್ತಿರ ಈ ಮಾತು ತೆಗೆದೆ.

"ಅವನಿಗೆ ಕನಸು ಬಿದ್ದಿರಬೇಕು," ಎಂದಳು ಕೋಸನ್ನು ತೂಗುತ್ತ. "ಸಂತ ಮಾರ್ಕನೇ ಬಂದು, ಏಳೋ ಫೆರುಚ್ಚೊ, ನಿನ್ನ ಚೀನಾ ಮುಖವಾಡ ನೆನೆಯುತ್ತೆ ಅಂದಿರಬೇಕು."

"ತಮಾಷೆ ಬೇಡ ವಾಂದಾ. ಯಾರೋ ಹೇಳಿರಬೇಕು."

"ಹೇಳದೆ ಏನು? ಹಡಗು ಒಳಗೆ ಬರೋಕೆ ಹೊರಗೆ ಕಾಯ್ತಾ ಇತ್ತಂತೆ, ಅದಕ್ಕೇ ಗೇಟು ಎತ್ತಲಿಲ್ಲ ಅಂತ ನನ್ನ ಗಂಡ ಹೇಳ್ತಾನೆ. ಹೋಟೆಲಿನವರಿಗೆಲ್ಲ ಮೊದಲೇ ಗೊತ್ತಿರುತ್ತೆ. ನಮಗೇ ಕಡೆಗೆ." ಮತ್ತೆ ನನ್ನ ಮುಖ ನೋಡಿ, "ಅಲ್ಲ ಕಣೇ, ನಿನ್ನ ತಮ್ಮ ಅಲ್ಲೇ ಕೂತಿರ್ತಾನಲ್ಲ, ಅವನನ್ನೇ ಕೇಳು," ಎಂದಳು.

ಕೇಳಲಿಲ್ಲ. ಹಡಗಿನ ಕಥೆಯನ್ನು ನಾನು ನಂಬಲೂ ಇಲ್ಲ. ಗೇಟನ್ನು ಮನಸ್ಸು ಬಂದಾಗಲೆಲ್ಲ ಎತ್ತುವಂತಿಲ್ಲ, ನಮ್ಮೂರನ್ನು ಸುತ್ತಿದ ಲಗೂನಿನ ನೀರು ಸಮುದ್ರಕ್ಕೆ ಹೋಗಿಬಂದು ಉಸಿರಾಡದಿದ್ದರೆ ಜೌಗುಹುಲ್ಲಿನ ದಿಬ್ಬಗಳಿಗೆ ಹೂಳು ಸಿಗದೆ ಅವು ಸವೆದುಹೋಗುತ್ತವೆ, ಮೀನು ಮೊಟ್ಟೆಯಿಡುವ ಜಾಗ ಇಲ್ಲವಾಗುತ್ತದೆ ಎಂದು ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದವನು ನೀನೇ. ಮನೆಗಳನ್ನು ಕಾಯಲು ಹೋಗಿ ಲಗೂನನ್ನು ಕೊಂದರೆ ಆಮೇಲೆ ಯಾವುದರ ನಡುವೆ ಬದುಕುತ್ತೀರಿ ಎಂದು ನೀನು ಸಭೆಯಲ್ಲಿ ಕೇಳಿದಾಗ ಅಂಗಡಿಯವರೆಲ್ಲ ಕೂಗಾಡಿದರು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಆದ್ದರಿಂದ ಗೇಟು ಎತ್ತಲಿಲ್ಲವೆಂದು ನನಗೆ ಸಿಟ್ಟಿಲ್ಲ. ಅಂದು ಗಾಳಿ ನಿಮ್ಮ ಲೆಕ್ಕ ಮೀರಿತು, ಅಷ್ಟೇ. ಆದರೆ ಗಾಳಿ ಮೀರುತ್ತಿರುವುದು ಎಲ್ಲರಿಗಿಂತ ಮೊದಲು ಒಬ್ಬ ಮುಖವಾಡದ ವ್ಯಾಪಾರಿಗೆ ಹೇಗೆ ತಿಳಿಯಿತು?

ಅದಾದ ಮೇಲೆ ನಾನು ಒಳ್ಳೆಯವಳಾಗಿ ಉಳಿಯಲಿಲ್ಲ. ಅವನ ಅಂಗಡಿಯ ಮುಂದೆ ದಿನವೂ ನಿಧಾನವಾಗಿ ನಡೆದೆ. ಇನೆಸ್‌ಳ ಮಾಲೀಕ ಅಲ್ಲಿಗೆ ಬರುತ್ತಾನೆಯೇ ನೋಡಿದೆ. ಬರುತ್ತಿದ್ದ. ಇಬ್ಬರೂ ಬಾಗಿಲಲ್ಲಿ ನಿಂತು ನಮ್ಮ ಮನೆಯ ಕಿಟಕಿಗಳ ಕಡೆ ಕೈ ತೋರಿಸುತ್ತಿದ್ದರು. ಕಡೆಗೆ ಅಂಬ್ರಾಗೆ ಒಂದು ಮುಖವಾಡ ಬೇಕು ಎಂಬ ನೆಪ ಮಾಡಿಕೊಂಡು ಒಳಗೆ ಹೋದೆ.

"ನಿಮ್ಮ ಅಂಗಡಿ ಉಳೀತಲ್ಲ, ಸಂತೋಷ," ಎಂದೆ.

"ಅದೃಷ್ಟ ಟೀಚರೇ."

"ಅದೃಷ್ಟಕ್ಕೆ ತಿರುಪು ಬಿಗಿಯೋಕೆ ಬರುತ್ತಾ?"

ನಕ್ಕ. "ಮೊಣಕಾಲು ನೋಯ್ತಿತ್ತು. ಗಾಳಿ ತಿರುಗಿದ್ರೆ ನನ್ನ ಮೊಣಕಾಲಿಗೆ ಗೊತ್ತಾಗುತ್ತೆ."

"ಹಾಗಿದ್ರೆ ನಿಮ್ಮ ಮೊಣಕಾಲನ್ನ ನನ್ನ ತಮ್ಮನ ಆಫೀಸಿಗೆ ಕಳಿಸಿ. ಅಲ್ಲಿ ಅಂಥವರು ಬೇಕಾಗಿದ್ದಾರೆ."

ಅವನ ನಗು ನಿಂತಿತು. ಕೈಯಲ್ಲಿದ್ದ ಮುಖವಾಡವನ್ನು ಕೆಳಗಿಟ್ಟು ನನ್ನನ್ನು ನೋಡಿದ. "ನಿಜವಾಗ್ಲೂ ಗೊತ್ತಿಲ್ವಾ, ಇಲ್ಲ ನನ್ನ ಬಾಯಿಂದ ಹೊರಡಿಸ್ತಾ ಇದ್ದೀರಾ? ತುಲ್ಲಿಯೊನೇ ಅಲ್ವಾ ಫೋನ್ ಮಾಡಿದ್ದು."

ಮುಖವಾಡ ಕೊಳ್ಳದೆ ಬಂದೆ. ಕ್ಷಮಿಸು ಎಂದು ಅಂಬ್ರಾಗೆ ಹೇಳು.

ಈಗ ನಾನು ಏನೇನು ಯೋಚಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನೀವಿಬ್ಬರೂ ಒಂದೇ ದೋಣಿಯಲ್ಲಿ ಹುಟ್ಟು ಹಾಕಿ ಬೆಳೆದವರು, ರೆಗಾಟಾ ದೋಣಿ ಪಂದ್ಯದಲ್ಲಿ ಒಟ್ಟಿಗೆ ಸೋತವರು, ಸರಿ. ಆದರೆ ನೀರು ಬರುವ ಮೊದಲು, ಕಳೆದ ತಿಂಗಳ ಸಲೂತೆ ಹಬ್ಬದ ದಿನ ನನ್ನ ಮನೆಯಲ್ಲಿ ಕೋಸು ಮಾಂಸದ ಸಾರು ಉಣ್ಣುತ್ತ ನೀನು ಹೇಳಿದ್ದು ನೆನಪಿದೆಯೇ? "ಇನ್ನೆಷ್ಟು ದಿನ ಅಕ್ಕ, ಈ ನೆಲದ ಮನೆಯಲ್ಲಿ? ಮಾರಿಬಿಟ್ಟು ಮೆಸ್ತ್ರೆಗೆ ಬಾ. ನಮ್ಮ ಪಕ್ಕದಲ್ಲೇ ಲಿಫ್ಟ್ ಇರೋ ಮನೆ ಖಾಲಿ ಇದೆ." ಯಾರಿಗೆ ಮಾರಲಿ ಎಂದು ನಾನು ಕೇಳಿದ್ದಕ್ಕೆ ನೀನು, "ತಗೊಳ್ಳೋರು ಇದ್ದಾರೆ" ಎಂದೆ. ಹೆಸರು ಹೇಳಲಿಲ್ಲ. ಆವತ್ತು ನಾನು ಹೆಸರು ಕೇಳಲೂ ಇಲ್ಲ. ಈಗ ಒಂದೊಂದೇ ಜೋಡಿಸಿದೆ. ಇನೆಸ್ ಹೋದರೆ ಪಕ್ಕದ ಕೋಣೆಗಳು ಖಾಲಿ. ನಾನೂ ಹೋದರೆ ಇಡೀ ನೆಲದ ಅಂತಸ್ತು ಒಂದೇ ಕೈಗೆ, ಫೆರುಚ್ಚೊ ಮತ್ತು ಆ ಮಾಲೀಕನ ಕೈಗೆ. ನೀರು ಒಮ್ಮೆ ಒಳಗೆ ಬಂದರೆ ಈ ಹಟಮಾರಿ ಹೆಂಗಸಿಗೆ ಬುದ್ಧಿ ಬರುತ್ತದೆ, ಅವಳ ಒಳ್ಳೆಯದಕ್ಕೇ ಎಂದು ನೀನು ನಿನಗೆ ಹೇಳಿಕೊಂಡಿರಬಹುದು. ನೀನು ಕೆಟ್ಟವನಲ್ಲ, ತುಲ್ಲಿಯೊ. ಅಕ್ಕನ ಒಳ್ಳೆಯದಕ್ಕೆಂದು ನೀನು ಸುಮ್ಮನಿದ್ದೆ ಎಂದೇ ನನ್ನ ಅನುಮಾನ, ಮತ್ತು ಅದೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಪ್ರಕಟಣೆಗೆ ಮೊದಲು ಹೊರಗಿನವರಿಗೆ ಮಾತು ಬಿಡುವುದು ನಿಮ್ಮಲ್ಲಿ ತಪ್ಪು ಎಂದು ನನಗೆ ಗೊತ್ತು. ಯಾರಿಗೂ ಹೇಳುವುದಿಲ್ಲ. ವಾಂದಾಳಿಗೆ ಕೂಡ ಮೊಣಕಾಲಿನ ಕಥೆಯನ್ನೇ ದಾಟಿಸಿದ್ದೇನೆ, ಅವಳು ನಂಬಲಿಲ್ಲ. ನಾನು ಮನೆ ಮಾರುವುದಿಲ್ಲ. ಇದನ್ನು ತಗೊಳ್ಳೋರು ಯಾರಿದ್ದರೂ ಅವರಿಗೆ ತಿಳಿಸು. ಇನೆಸ್‌ಳ ಪರವಾಗಿ ಬಾಡಿಗೆದಾರರ ಸಂಘಕ್ಕೆ ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯ ಹುಡುಗಿ ತುಂಬ ಒಳ್ಳೆಯವಳು, ತುಂಬ ಆಸೆ ಇಟ್ಟುಕೊಳ್ಳಬೇಡಿ ಎಂದಳು. ಮೊನ್ನೆ ಮಾರ್ಗೇರಾಕ್ಕೆ ಹೋಗಿದ್ದೆ. ಇನೆಸ್ ಆರನೇ ಮಹಡಿಯ ಕಿಟಕಿಯಲ್ಲಿ ಕೂತಿದ್ದಳು. "ಇಲ್ಲಿ ಎಲ್ಲ ಒಣಗಿದೆ," ಎಂದಳು, "ಬಾಯಿ ಕೂಡ."

ಚಳಿ ಹೆಚ್ಚಾಗಿದೆ. ಪಾಳಿಯಲ್ಲಿ ಕೂರುವಾಗ ಕುತ್ತಿಗೆಗೆ ಉಣ್ಣೆಯದು ಸುತ್ತಿಕೋ, ನಿನಗೆ ಗಂಟಲು ಬೇಗ ಕಟ್ಟುತ್ತದೆ. ಅಂಬ್ರಾಗೆ ಮುತ್ತು. ರೋಸೆಲ್ಲಾಳಿಗೆ ಬಿಸಿ ಇಟ್ಟಿಗೆಯ ಕಾವು ಕೊಡು. ನಿನ್ನ ಮನೆಯ ಹೊಸ್ತಿಲು ಯಾವತ್ತೂ ಒಣಗಿರಲಿ, ನಿನ್ನ ನಿದ್ದೆ ಗಟ್ಟಿಯಾಗಿರಲಿ. ನಿನ್ನ ಮೇಲೆ ಎಷ್ಟು ಅನುಮಾನ ಪಟ್ಟರೂ ಇದನ್ನು ಹರಸದೆ ಕಾಗದ ಮಡಿಸಲು ಆಗುವುದಿಲ್ಲ.

ನಿನ್ನ ಅಕ್ಕ
ಲೊರೆದಾನಾ

ಮತ್ತೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಾನು ಅಂಗಡಿಯಿಂದ ಹೊರಟಾಗ ಫೆರುಚ್ಚೊ ಬಾಗಿಲ ತನಕ ಹಿಂದೆ ಬಂದ. "ನಿಮ್ಮಕ್ಕನಿಗೂ ಹೇಳ್ಲಾ ಅಂತ ಫೋನಲ್ಲೇ ತುಲ್ಲಿಯೊನ ಕೇಳಿದೆ ಟೀಚರೇ, ದೇವರಾಣೆ. ಅವನು, ಅವಳಿಗೆ ಹೇಳೋದೇ ಬೇಡ, ಆಕಾಶ ತಿಳಿಯಾಗಿದ್ರೂ ಹಲಗೆ ಹಾಕಿಟ್ಟಿರ್ತಾಳೆ ಅಂತ ನಕ್ಕುಬಿಟ್ಟ," ಎಂದ. ಇದು ನಿಜವೋ, ಗೆಳೆಯನನ್ನು ಉಳಿಸಲು ಅವನು ಅಲ್ಲೇ ಕಟ್ಟಿದ್ದೋ, ನನಗೆ ತಿಳಿಯುತ್ತಿಲ್ಲ. ಅಪ್ಪ ಹೋದಾಗಿನಿಂದ ನಾನು ಹಾಗೇ ದಿನವೂ ಹಲಗೆ ಹಾಕುತ್ತಿದ್ದೆನಲ್ಲ, ಓಣಿಯೆಲ್ಲ ನಗುತ್ತಿತ್ತು. ಆದರೆ ನೀನು ಮುನ್ಸೂಚನೆಯ ಆ ಕೋಣೆಯಲ್ಲಿ ಕೆಲಸಕ್ಕೆ ಸೇರಿದ ದಿನ ನಾನು ಹಲಗೆ ತೆಗೆದು ಅಟ್ಟಕ್ಕೆ ಹಾಕಿದೆ. ನಿನಗೆ ಹೇಳಲು ನಾಚಿಕೆಯಾಯಿತು. ಆ ಬೆಳಿಗ್ಗೆ ಗಾಳಿಯ ವಾಸನೆ ಸರಿಯಿಲ್ಲ, ಹಲಗೆ ಇಳಿಸೋಣ ಬಾ ಎಂದು ಇನೆಸ್ ನನ್ನ ಬಾಗಿಲು ತಟ್ಟಿದಳು. ಬೇಡ ಸಿಯೋರಾ, ನೀರು ಬರುವುದಿದ್ದರೆ ನನ್ನ ತಮ್ಮ ಫೋನು ಮಾಡುತ್ತಾನೆ ಎಂದು ಹೇಳಿ ನಾನು ಶಾಲೆಗೆ ಹೋದೆ.