ಮೇಘಶ್ರೀಗೆ ಐದು ಸೂಜಿ

3 ನವೆಂಬರ್ 2008, ಸೋಮವಾರ

ಹತ್ತೊಂಬತ್ತನೇ ರಿಸರ್ಚ್ ಪೇಪರ್. ಮತ್ತೆ ಸಕ್ಕರೆ ನೀರು. ಹಸುಗೂಸಿನ ನಾಲಿಗೆಗೆ ನಾಲ್ಕು ಹನಿ ಹಾಕಿ ಸೂಜಿ ಚುಚ್ಚಿದರೆ ಅಳು ಕಡಿಮೆ. ಎಷ್ಟು ಸೆಕೆಂಡ್ ಕಡಿಮೆ ಎಂದು ಅಳೆದಿದ್ದಾರೆ. ಬೆಳಿಗ್ಗೆ ನಗು ಬಂತು. ಆಮೇಲೆ ಅನ್ನಿಸಿತು — ಯಾರೋ ಕೂತು ಅಳೆದರಲ್ಲ.

ಡಾ. ಸೋಮಶೇಖರಪ್ಪನವರು ಜನವರಿಯಲ್ಲಿ ಡಾಕ್ಟರುಗಳ ಸಮ್ಮೇಳನದಲ್ಲಿ ಮಾತಾಡಬೇಕು. ವಿಷಯ: ಲಸಿಕೆಯ ನೋವು, ಸೂಜಿಯ ಭಯ, ಸಂಶೋಧನೆ ಏನು ಹೇಳುತ್ತದೆ. ಅವರಿಗೆ ಓದಲು ಪುರುಸೊತ್ತಿಲ್ಲ. ಎಂ.ಎ. ಇಂಗ್ಲಿಷ್ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಓದುವ ಕೆಲಸ ಸಿಕ್ಕಿತು. ಮೂಡಿಗೆರೆಯ ಅವರ ನರ್ಸಿಂಗ್ ಹೋಮಿನಲ್ಲೇ ಒಂದು ಟೇಬಲ್. ಪ್ಲೈವುಡ್ ಗೋಡೆಯ ಆಚೆ ಇಂಜೆಕ್ಷನ್ ರೂಮು. ಈಚೆ ನಾನು ಅಳುವಿನ ಬಗ್ಗೆ ಓದುತ್ತೇನೆ. ಆಚೆ ಅಳುತ್ತಿರುತ್ತಾರೆ. ಎರಡು ತಿಂಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ. ಕರುಣರಸದ ಬಗ್ಗೆ ನಲವತ್ತು ಪುಟ ಬರೆದು ಫಸ್ಟ್ ಕ್ಲಾಸ್ ತೆಗೆದುಕೊಂಡವಳು.

ಸಂಜೆ — ಇಷ್ಟು ಬರೆದು ಬಸ್ಸಿಗೆ ಹೊರಡುವಾಗ ಅಕ್ಕ, ಭಾವ ಜೀಪಿನಲ್ಲಿ ಬಂದರು. ಗೋಣಿಬೀಡು ಬಸ್‌ಸ್ಟ್ಯಾಂಡಿನಲ್ಲಿ ಬೀದಿನಾಯಿ ಅಕ್ಕನ ಮಗಳು ಮೇಘಶ್ರೀಯ ಮೀನಖಂಡ ಕಚ್ಚಿದೆ. ಆರು ವರ್ಷದ ಮಗು. ನಾಯಿ ಎತ್ತ ಹೋಯಿತೋ ಯಾರಿಗೂ ಗೊತ್ತಿಲ್ಲ. ಸೋಪು ಹಾಕಿ ಗಾಯ ತೊಳೆದರು. ತೋಳಿಗೊಂದು ಸೂಜಿ, ಗಾಯದ ಸುತ್ತ ಬೇರೆ. ಮಲಗಿಸಿ ನಾಲ್ಕು ಜನ ಒತ್ತಿ ಹಿಡಿದರು. ಕಾಲಿನ ಕಡೆ ಹಿಡಿದವಳು ನಾನು.

ತೋಳಿನ ರೇಬೀಸ್ ಸೂಜಿ ಒಟ್ಟು ಐದು ಸಲ. ಇವತ್ತು, 6, 10, 17, ಡಿಸೆಂಬರ್ 1. ಒಂದೂ ತಪ್ಪಬಾರದಂತೆ.

6 ನವೆಂಬರ್

ಬೆಳಿಗ್ಗೆ ಇಪ್ಪತ್ತೆರಡನೇ ಪೇಪರ್. 'ಏನೂ ಆಗಲ್ಲ, ಹೆದರಬೇಡ' ಎಂದು ಸಮಾಧಾನ ಮಾಡಿದಷ್ಟೂ ಮಕ್ಕಳ ಸಂಕಟ ಹೆಚ್ಚಂತೆ. ನೀಟಾಗಿ ನೋಟ್ಸ್ ಮಾಡಿದೆ. ಅಡಿಗೆರೆ ಕೂಡ ಹಾಕಿದೆ.

ಹನ್ನೊಂದಕ್ಕೆ ಮೇಘ ಬಂದಳು. ನಾನೇ ಹೇಳಿದೆ — "ನೋವಾಗಲ್ಲ ಪುಟ್ಟಿ. ಇರುವೆ ಕಚ್ಚಿದ ಹಾಗೆ, ಅಷ್ಟೇ."

ಓದಿ ಎರಡು ಗಂಟೆ ಆಗಿರಲಿಲ್ಲ.

ಸೂಜಿ ಹೊಕ್ಕಾಗ ನರ್ಸ್ ಅಂಜನಮ್ಮನ ಕೈ ಕಚ್ಚಿದಳು. ಅಂಜನಮ್ಮ ಕೈ ಒದರಿಕೊಂಡು, "ಅಲ್ಲ ಮಾರಾಯ್ತಿ, ನಾಯಿ ನಿನ್ನ ಕಚ್ಚಿದ್ದೋ, ನೀನೇ ನಾಯಿನ ಕಚ್ಚಿದ್ದೋ?" ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಮೇಘ ಅಳುತ್ತಲೇ ನನ್ನ ಬಾಯಿ ನೋಡಿದಳು.

10 ನವೆಂಬರ್

ಭಾವ ಕಳಸಕ್ಕೆ ಅಜ್ಜಿ ಮನೆಗೆ ಹೋಗೋಣ ಎಂದು ಸುಳ್ಳು ಹೇಳಿ ಜೀಪು ಹತ್ತಿಸಿದರಂತೆ. ಹೊಸ ಫ್ರಾಕ್ ಬೇರೆ. ಜೀಪು ನರ್ಸಿಂಗ್ ಹೋಮಿನ ಗೇಟಿಗೆ ತಿರುಗಿದ್ದೇ ವಾಂತಿ. ಒಳಗೆ ಟೇಬಲ್ ಮೇಲೆ ಉಚ್ಚೆ. ಅಕ್ಕ ನಾಚಿಕೆಗೆ ಎರಡೇಟು ಬಿಟ್ಟಳು. "ತಾಯಿ ಇದ್ದರೆ ಹಠ ಜಾಸ್ತಿ" ಎಂದು ಡಾಕ್ಟರು ಅಕ್ಕನನ್ನೇ ಹೊರಗೆ ಕಳಿಸಿದರು.

ನಾನು ಈಚೆ. ನನ್ನ ಮುಂದೆ ಇಪ್ಪತ್ತಾರನೇ ಪೇಪರ್. ಮಗುವನ್ನು ಮಲಗಿಸಬೇಡಿ, ತಾಯಿಯ ಮಡಿಲಲ್ಲಿ ನೆಟ್ಟಗೆ ಕೂರಿಸಿ.

ಮಧ್ಯಾಹ್ನ ಡಾಕ್ಟರಿಗೆ ಸಾರಾಂಶ ಕೊಡಲು ಹೋದೆ. ಆ ಸಾಲಿನ ಮೇಲೆ ಬೆರಳಿಟ್ಟೆ. ಬಾಯಲ್ಲಿ ಹೇಳಲಾಗಲಿಲ್ಲ. ಬೆರಳಿಟ್ಟೆ, ಅಷ್ಟೇ.

"ಒಳ್ಳೆ ಪಾಯಿಂಟ್. ಸ್ಲೈಡಿಗೆ ಹಾಕು" ಅಂದರು.

"ಇಲ್ಲಿ... ಸರ್... ನಮ್ಮಲ್ಲೂ..."

"ಸೋಮವಾರ ಎಂಬತ್ತು ಜನ ಬರ್ತಾರಮ್ಮ. ಒಬ್ಬೊಬ್ಬರನ್ನ ತೊಡೆ ಮೇಲೆ ಕೂರಿಸ್ಕೊಂಡು ಹಾಡು ಹೇಳ್ತಾ ಕೂತ್ರೆ ಎಸ್ಟೇಟಿನವರು ಸಂಜೆ ಬಸ್ ತಪ್ಪಿಸ್ಕೊಳ್ತಾರೆ. ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು."

ಕೆಟ್ಟವರಲ್ಲ. ಬಸ್ಸಿನ ಮಾತೂ ಸುಳ್ಳಲ್ಲ. ಅದಕ್ಕೇ ಇನ್ನೂ ಸಿಟ್ಟು. ತಲೆ ಆಡಿಸಿ ಬಂದೆ. ಥೂ.

17 ನವೆಂಬರ್, ಗೋಣಿಬೀಡು

ಬೆಳಿಗ್ಗೆ ಎಂಟಕ್ಕೆ ಅಕ್ಕನ ಫೋನು — ಮೇಘ ಇಲ್ಲ. ಓಡಿ ಬಂದೆ. ಬಾವಿ ನೋಡಿದರು. ಕೆರೆ ನೋಡಿದರು. ಕಾಫಿ ಕೊಯ್ಯುತ್ತಿದ್ದವರೆಲ್ಲ ಬುಟ್ಟಿ ಕೆಳಗಿಟ್ಟು ಸಾಲುಸಾಲಾಗಿ ಗಿಡದ ಬುಡ ಹುಡುಕಿದರು. ಮಧ್ಯಾಹ್ನ ಮೂರಕ್ಕೆ ಸಿಕ್ಕಳು. ಗೋಡೌನಿನಲ್ಲಿ, ಖಾಲಿ ಗೋಣಿಚೀಲಗಳ ರಾಶಿಯ ಒಳಗೆ. ಬೆವರಿ ಒದ್ದೆ. ಎತ್ತಿಕೊಳ್ಳಲು ಹೋದರೆ ನನ್ನನ್ನೇ ಒದ್ದಳು. "ಚಿಕ್ಕಮ್ಮ ಬೇಡ, ಚಿಕ್ಕಮ್ಮ ಸುಳ್ಳಿ."

ನಾಲ್ಕನೆಯ ಸೂಜಿ ಇವತ್ತು ಆಗಲಿಲ್ಲ.

ಅಕ್ಕನ ಅತ್ತೆ ವಸಂತಮ್ಮ, "ಮೂರು ಆಯ್ತಲ್ಲ, ಸಾಕು ಬಿಡಿ. ಹುಚ್ಚುನಾಯಿ ಆಗಿದ್ರೆ ಇಷ್ಟು ಹೊತ್ತಿಗೆ ಗೊತ್ತಾಗ್ತಿರ್ಲಿಲ್ವಾ? ಮಗು ಹೆದರ್ಕೊಂಡೇ ಸಾಯುತ್ತೆ" ಅಂದರು.

ಭಾವ, "ಸಾಕು ಅನ್ನೋಕೆ ನೀವೇನು ಡಾಕ್ಟ್ರಾ ಅಮ್ಮ? ನಾಳೆ ಕೈಕಾಲು ಕಟ್ಟಿಯಾದ್ರೂ ಹೊತ್ಕೊಂಡು ಹೋಗ್ತೀನಿ."

ಮೂರು ಸಾಲದು. ಆ ರೋಗ ಬಂದ ಮೇಲೆ ಔಷಧ ಇಲ್ಲ. ಅದು ಗೊತ್ತಿದ್ದೂ ಅತ್ತೆಯ ಮಾತಿಗೆ ಅಕ್ಕ ತಲೆ ಅಲ್ಲಾಡಿಸುತ್ತಿದ್ದಾಳೆ. ನಾಯಿ ಕಚ್ಚಿ ಅಲ್ಲ, ನಾವು ಹಿಡಿದ ರೀತಿಗೆ ಈ ಮಗು ಸತ್ತರೆ?

18 ನವೆಂಬರ್

ಭಾವನಿಂದ ಒಂದು ದಿನ ಕೇಳಿ ಪಡೆದೆ. ನೇರ ಅಂಜನಮ್ಮನ ಹತ್ತಿರ ಹೋದೆ. ಎರಡು ತಿಂಗಳಲ್ಲಿ ಮೊದಲ ಸಲ ಇಂಜೆಕ್ಷನ್ ರೂಮಿಗೆ ಮಾತಾಡಲು ಹೋದದ್ದು. ಸಿಟ್ಟು ತುಂಬಿಕೊಂಡು ಹೋಗಿದ್ದೆ. ಮಕ್ಕಳನ್ನು ಹೀಗೆ ಒತ್ತಿ ಹಿಡಿಯುವುದು ತಪ್ಪು ಎಂದೆ. ಮಡಿಲಲ್ಲಿ ಕೂರಿಸಬೇಕು, ಸುಳ್ಳು ಹೇಳಬಾರದು, ಉಸಿರು ಊದಿಸಬೇಕು, ಎದೆಹಾಲು ಕುಡಿಯುವ ಮಗುವಾದರೆ ಕುಡಿಯುತ್ತಿರುವಾಗಲೇ ಚುಚ್ಚಬೇಕು — ಒಂದೇ ಉಸಿರಿಗೆ.

ಅಂಜನಮ್ಮ ಹತ್ತಿ ಉಂಡೆ ಮಾಡುವುದನ್ನು ನಿಲ್ಲಿಸಿದರು.

"ಇದೆಲ್ಲ ನಿಮ್ಮ ಪೇಪರ್‌ನಾಗೆ ಇದ್ಯಾ?"

"ಇದೆ."

"ಯಾವಾಗಿಂದ?"

"...ಸೆಪ್ಟೆಂಬರಿಂದ ಓದ್ತಾ ಇದೀನಿ."

"ಆ ಗೋಡೆ ಪಕ್ಕದಲ್ಲೇ ಕೂತು? ಹದಿನೆಂಟು ವರ್ಷದಿಂದ ಮಕ್ಕಳ ಹತ್ರ ಬೈಸ್ಕೊಂಡು, ಒದೆಸ್ಕೊಂಡು, ಮೊನ್ನೆ ಕಚ್ಚಿಸ್ಕೊಂಡು ಇಂಜೆಕ್ಷನ್ ಕೊಡ್ತಾ ಇದ್ದೀನಿ. ನನಗೇನು ಖುಷಿ ಅಂದ್ಕೊಂಡ್ರಾ? ಒಂದು ಮಾತು ಹೇಳೋಕೆ ನಿಮಗೇನಾಗಿತ್ತು ಮೇಡಂ, ಬಾಯಿಗೆ ಬೀಗ ಹಾಕಿದ್ರಾ?"

ನಾಚಿಕೆ ಸ್ವಭಾವ ಎಂದು ಎಲ್ಲರೂ ಹೇಳುತ್ತಾರೆ, ಹೊಗಳುವ ಹಾಗೆ. ನಾನೂ ಹಾಗೇ ನಂಬಿದ್ದೆ. ಅದರ ನೋವು ಗೋಡೆಯ ಆಚೆಯವರಿಗೆ ಹೋಗುತ್ತಿತ್ತು.

19 ನವೆಂಬರ್

ಆಯಿತು. ನಾಲ್ಕನೆಯದು ಆಯಿತು.

ಬೆಳಿಗ್ಗೆ ಗೋಣಿಬೀಡಿನಲ್ಲಿ ಮೇಘಳ ಮುಂದೆ ನೆಲದ ಮೇಲೆ ಕೂತೆ. "ಚಿಕ್ಕಮ್ಮ ಸುಳ್ಳು ಹೇಳಿದ್ದೆ. ನೋವಾಗುತ್ತೆ. ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ. ಇವತ್ತೊಂದು, ಆಮೇಲೆ ಇನ್ನೊಂದು."

ಮುಖ ಎತ್ತಿ ಕೇಳಿದಳು, "ಅಮ್ಮ ಒಳಗೆ ಇರ್ತಾಳಾ?"

"ಇರ್ತಾಳೆ. ಅಮ್ಮನ ತೊಡೆ ಮೇಲೇ ಕೂರೋದು."

"ಆ ದೊಡ್ಡ ಟೇಬಲ್?"

"ಇಲ್ಲ."

ಜೀಪಿನಲ್ಲಿ ವಾಂತಿ ಮಾಡಿದಳು. ಡಾಕ್ಟರು ಇನ್ನೂ ಬಂದಿರಲಿಲ್ಲ. ಒಳಗೆ ಅಂಜನಮ್ಮ ಸ್ಟೂಲು ತಂದು ಅವಳ ಎತ್ತರಕ್ಕೆ ಕೂತರು. "ಯಾವ ಕೈ, ನೀನೇ ಹೇಳು." ಎಡಗೈ ತೋರಿಸಿದಳು. "ಬಿಸಿ ಕಾಫಿ ಆರಿಸೋ ಹಾಗೆ ಊದು." ಊದಿದಳು. ಸೂಜಿ ಹೊಕ್ಕಿತು. ಅತ್ತಳು, ಜೋರಾಗಿಯೇ ಅತ್ತಳು. ಆದರೆ ಯಾರೂ ಒತ್ತಿ ಹಿಡಿಯಲಿಲ್ಲ. ತನ್ನ ಕಾಲ ಮೇಲೇ ನಡೆದು ಹೊರಗೆ ಹೋದಳು.

ಗಡಿಯಾರ ನೋಡಿದೆ. ಮೂರು ನಿಮಿಷ. 10ನೇ ತಾರೀಖು ಒತ್ತಿ ಹಿಡಿಯಲು ಹನ್ನೆರಡು ನಿಮಿಷ ಹಿಡಿದಿತ್ತು. ಪ್ರಾಕ್ಟಿಕಲ್ ಅಂತೆ.

28 ನವೆಂಬರ್

ಡಾಕ್ಟರು ಭಾಷಣದ ಕೊನೆಯ ಪುಟ ಕೊಟ್ಟರು, ಟೈಪ್ ಮಾಡಲು. 'ಈ ಎಲ್ಲ ಕ್ರಮಗಳನ್ನು ನಮ್ಮ ಆಸ್ಪತ್ರೆಯಲ್ಲಿ ಈಗಾಗಲೇ ಪಾಲಿಸುತ್ತಿದ್ದೇವೆ.'

ಮೂರು ಸಲ ಓದಿದೆ. ಆಚೆ ಯಾವುದೋ ಮಗು ಚೀರುತ್ತಿತ್ತು. ಅಂಜನಮ್ಮ ತಾವಾಗಿ ಒಂದೆರಡು ಮಕ್ಕಳನ್ನು ಮಡಿಲಲ್ಲಿ ಕೂರಿಸಲು ಹೋಗಿ ಬೈಸಿಕೊಂಡಿದ್ದಾರೆ. "ಯಾರು ಹೇಳಿಕೊಟ್ಟರು ಈ ನಾಟಕ?" ಎಂದು ಡಾಕ್ಟರು ಕೇಳಿದರಂತೆ. ಅಂಜನಮ್ಮ ನನ್ನ ಹೆಸರು ಹೇಳಲಿಲ್ಲ.

ಟೈಪ್ ಮಾಡಿಲ್ಲ. ಮಾಡಲಾರೆ ಎಂದೂ ಹೇಳಿಲ್ಲ. ಕರೆಂಟ್ ಇರಲಿಲ್ಲ ಸರ್ ಎಂದೆ. ಮತ್ತೆ ಸುಳ್ಳಿ.

1 ಡಿಸೆಂಬರ್, ಸೋಮವಾರ, ಬೆಳಿಗ್ಗೆ 11.20

ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಐದನೆಯದೂ ಆಯಿತು! ಡಾಕ್ಟರು ಬರುವ ಮೊದಲೇ ಅಂಜನಮ್ಮ ಮುಗಿಸಿದರು. ಮೇಘ ಅತ್ತಳು, ಊದಿದಳು, ಈಗ ಪಕ್ಕದಲ್ಲಿ ಬಿಸ್ಕೆಟ್ ತಿನ್ನುತ್ತಿದ್ದಾಳೆ. ಅರ್ಧ ಗಂಟೆ ಕೂರಬೇಕು. ಅಕ್ಕ ಜೀಪು ನೋಡಲು ಹೋಗಿದ್ದಾಳೆ. ಗೆದ್ದೆವು. ಮನೆಗೆ ಹೋಗಬಹುದು.

ಜನ ತುಂಬಿದ್ದಾರೆ. ಡಾಕ್ಟರು ಬಂದರು. "ತಾಯಂದಿರೆಲ್ಲ ಹೊರಗೆ, ಬೇಗ ಬೇಗ." ಎಸ್ಟೇಟಿನ ಹೆಂಗಸೊಬ್ಬಳು ಖಾಲಿ ಕೈಯಲ್ಲಿ ಬಾಗಿಲ ಹತ್ತಿರ ನಿಂತಿದ್ದಾಳೆ. ಸೆರಗು ಎದೆಹಾಲಿಗೆ ಒದ್ದೆ. ಒಳಗೆ ಅವಳ ಕೂಸು. ಬಾಗಿಲ ಸಂದಿಯಿಂದ ಅಂಜನಮ್ಮ ನನ್ನನ್ನೇ ನೋಡುತ್ತಿದ್ದಾರೆ.

ಮೇಘ ತಿನ್ನುವುದು ನಿಲ್ಲಿಸಿದಳು. "ಅದರ ಅಮ್ಮನ್ನ ಯಾಕೆ ಹೊರಗೆ ಹಾಕಿದ್ದಾರೆ?"

ಗೊತ್ತಿಲ್ಲ ಎಂದೆ.

"ಗೊತ್ತು ನಿಂಗೆ. ಹೋಗಿ ಹೇಳು ಚಿಕ್ಕಮ್ಮ."

ಬರೆಯುತ್ತಿರುವ ಕೈಯನ್ನೇ ಹಿಡಿದು ಎಳೆಯುತ್ತಿದ್ದಾಳೆ. ಡಾಕ್ಟರು ಬಾಗಿಲು ಮುಂದೆ ಮಾಡುತ್ತಿದ್ದಾರೆ. ಏನೆಂದು ಶುರು ಮಾಡಲಿ, ಸರ್ ಅನ್ನಲೇ, ಮೊದಲು —