ಕತ್ತರಿ ಹಾಕುವ ಮುಂಚೆ

ಅಮ್ಮಾ,

ನೀನು ಹೊಲಿದು ಕಳಿಸಿದ ಅಂಗಿ ಬಂತು. ತೋಳು ಮಾತ್ರ ಬಿಗಿ. ಇನ್ನೂ ನನ್ನ ಹದಿನೈದನೇ ವಯಸ್ಸಿನ ಅಳತೆಯನ್ನೇ ಇಟ್ಟುಕೊಂಡಿದ್ದೀಯಾ?

ನಾನು ಬರೆಯುತ್ತಿರುವ ಕಾದಂಬರಿಯನ್ನು, ಯಾರದೆಂದು ಹೇಳದೆ, ತರಗತಿಯಲ್ಲಿ ಓದಿ ಮಕ್ಕಳಿಂದ ತಪ್ಪು ಹುಡುಕಿಸುವುದು ನನ್ನ ಅಭ್ಯಾಸ. ಸೋಮವಾರ ಓದಿದ್ದು ನಮ್ಮಿಬ್ಬರ ಕಥೆ: ಮಗಳ ಮೊದಲ ಕಥೆಯ ಹಾಳೆಗಳನ್ನು ದರ್ಜಿ ತಾಯಿ ರದ್ದಿ ಎಂದುಕೊಂಡು, ಅಂಗಿ ತೋಳಿನ ಅಳತೆಯ ಮಾದರಿಯಾಗಿ ಕತ್ತರಿಸಿಬಿಡುವ ಅಧ್ಯಾಯ.

ಹಿಂದಿನ ಬೆಂಚಿನ ಬಾಯಿಬಡುಕಿ ಎದ್ದು ನಿಂತಳು. "ಮೇಡಂ, ಇದನ್ನ ಬರೆದೋರಿಗೆ ಅಮ್ಮನ ಮೇಲೆ ಸಿಟ್ಟು. ಅದಕ್ಕೇ ಅವಳ ಬಾಯಿಗೆ ಬೀಗ ಹಾಕಿದಾರೆ. ಕತ್ತರಿ ಹಾಕೋ ಮುಂಚೆ ಅವಳು ಓದಿದ್ಲೋ ಇಲ್ವೋ, ಅದನ್ನಾದ್ರೂ ಕೇಳಬಹುದಿತ್ತಲ್ಲ?"

ಪಾತ್ರಗಳ ಮಾತಿಗೆ ಕಿವಿಗೊಡಿ ಎಂದು ಇಪ್ಪತ್ತು ವರ್ಷದಿಂದ ಪಾಠ ಹೇಳುವವಳು ನಾನು. ನಿನ್ನನ್ನೇ ಕೇಳಿರಲಿಲ್ಲ.

ಈಗ ಕೇಳುತ್ತಿದ್ದೇನೆ. ಓದಿದ್ದೆಯಾ ಅಮ್ಮಾ? ಎಲ್ಲಿಯವರೆಗೆ? ಆ ಕಾಗದದ ತೋಳು ಮೆಷಿನ್ನಿನ ಡ್ರಾಯರಿನಲ್ಲಿದ್ದರೆ ಕಳಿಸು. ಏನು ಬರೆದಿದ್ದೆನೋ ನನಗೇ ಮರೆತಿದೆ.

ಬೈಯುವುದಿದ್ದರೂ ಬರೆ. ಅಧ್ಯಾಯದಲ್ಲಿ ನಿನಗೆಂದು ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಸಾಲದಿದ್ದರೆ ನನ್ನ ಮಾತಿಗೇ ಕತ್ತರಿ ಹಾಕುತ್ತೇನೆ.

ನಿನ್ನ ಮಗಳು