ಬರ್ತೀನಿ ಅಂದವನು

ಮಾರ್ಚ್ ೪, ಮಂಗಳವಾರ. ಬೆಳಗ್ಗೆ ೭

ಸಕ್ಕರೆ ಕಾಯಿಲೆಯ ಗುಳಿಗೆ ತಗೊಂಡೆ. ಡಾಕ್ಟರ್ ದಿನಾ ಬರೆದಿಡು ಅಂದಿದ್ದಾನೆ. ಮೂರನೇ ಕ್ಲಾಸು ಕಲಿತ ತಪ್ಪಿಗೆ ಈ ಶಿಕ್ಷೆ. ಎಂಬತ್ತು ರೊಟ್ಟಿ ಆರ್ಡರ್ ಇದೆ. ಮೊಣಕಾಲು ಏಳಲೊಲ್ಲವು.

ಮಾಳಿಗೆ ಮೇಲಿನ ಖೋಲಿಗಳಲ್ಲಿ ಬಾಡಿಗೆಗಿರುವ ಇಬ್ಬರದು ಮತ್ತೆ ಜಗಳ. ಅವನು ದೇವದುರ್ಗದ ಬಸ್ಸಿಗೆ ಬಂದವನು, ಅವಳು ಮಾನ್ವಿ ಬಸ್ಸಿಗೆ. ಅದಕ್ಕೂ ಹಿಂದೆ ಎಲ್ಲಿಂದ ಅಂದರೆ ಇಬ್ಬರೂ ಆಕಾಶಕ್ಕೆ ಬೆರಳು ಮಾಡುತ್ತಾರೆ — ಬೇರೆ ಬೇರೆ ಕಡೆಗೆ. ಅವನದು ಬೆಂಕಿಯ ಲೋಕ, ಅವಳದು ಮಂಜಿನದು. ಮುನ್ನೂರು ವರ್ಷದ ಯುದ್ಧವಂತೆ. ಒಬ್ಬರನ್ನೊಬ್ಬರು ಕೊಲ್ಲಲು ಬೆನ್ನಟ್ಟಿ ಬಂದರು, ಹಾರುವ ಬಂಡಿ ಕೆಟ್ಟು ಇಲ್ಲಿ ಬಿದ್ದರು. ಅವನದು ಗೂಗಲ್ ಊರಿನ ಹೊಳೆ ದಂಡೆಯಲ್ಲಿ, ಅವಳದು ಕುರ್ಡಿ ಊರಿನ ಹೊಲದಲ್ಲಿ. ಅವರ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ವಿನೋದ, ಉಮಾದೇವಿ ಅಂತ ನಾನೇ ಇಟ್ಟೆ.

ಮಾರ್ಚ್ ೯, ರವಿವಾರ

ಇಬ್ಬರನ್ನೂ ಕೆಲಸಕ್ಕೆ ಹಚ್ಚಿದೆ. ಕೂತು ಜಗಳ ಆಡುವ ಬದಲು ರೊಟ್ಟಿಯಾದರೂ ಆಗಲಿ. ಅವನು ಕಾದ ಹಂಚಿನ ಮೇಲೆ ಬರಿಗೈ ಇಟ್ಟು ರೊಟ್ಟಿ ತಿರುವುತ್ತಾನೆ. ಅವಳು ಪಕ್ಕಕ್ಕೆ ಕೂತರೆ ಕೊಡದ ನೀರು ತಣ್ಣಗಾಗುತ್ತದೆ. ರಾಯಚೂರಿನ ಬಿಸಿಲಿಗೆ ಅದೊಂದು ಪುಣ್ಯ.

ಪಕ್ಕದ ಮನೆಯ ನೂರ್ ಬೀ ಇಣುಕಿದಳು.

"ಮಾನಮ್ಮಕ್ಕಾ, ಗಂಡ ಹೆಂಡ್ತಿ ಏನ ಇವ್ರು?"

"ಇಲ್ಲಬೇ, ದುಶ್ಮನ್ರು."

"ಹಂಗಾರ ಗಂಡ ಹೆಂಡ್ತೀನ ಬಿಡು."

ಮಾರ್ಚ್ ೨೭

ಇವತ್ತು ಚೆಂಬು ಕೊಡುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಚುಂಯ್! ಹಂಚಿಗೆ ನೀರು ಬಿದ್ದ ಹಾಗೆ. ಆವಿ ಎದ್ದಿತು.

"ಸುಡ್ತೇನಬೇ?" ಅಂದೆ.

"ಇಲ್ಲ ಯವ್ವಾ," ಅಂದಳು. ಕೈ ಮಾತ್ರ ತೆಗೆಯಲಿಲ್ಲ. ಅವನೂ ತೆಗೆಯಲಿಲ್ಲ. ಎರಡು ರೊಟ್ಟಿ ಸೀದು ಹೋದವು.

ಏಪ್ರಿಲ್ ೧೫

ಗುಳಿಗೆ ಮರೆತೆ. ದಿನಕ್ಕೆ ಹತ್ತು ಸಲ ಚುಂಯ್. ನನಗೇನು ಕಿವಿ ಇಲ್ಲವೇ?

ಏಪ್ರಿಲ್ ೨೧, ಸೋಮವಾರ

ವಿನೋದನ ಕಡೆಯವರ ಕರೆ ಬಂತು. ಬಂಡಿ ಸರಿಯಾಗಿದೆ, ಯುದ್ಧಕ್ಕೆ ಬಾ ಅಂತ. ಒಲ್ಲೆ ಅಂದರೆ ಅವರೇ ಇಲ್ಲಿಗೆ ಇಳಿಯುತ್ತಾರಂತೆ, ಅವಳಿರುವ ಕಡೆಗೇ. ಗಬ್ಬೂರು ಮೇಲೆ ಹಾದು ದೇವದುರ್ಗಕ್ಕೆ ಹೋಗುವ ಬಸ್ಸಿಗೆ ಹೊರಟು ನಿಂತ.

"ಹೋಗ್ತೀನಿ ಯವ್ವಾ."

"ಥೂ! ಹೋಗ್ತೀನಿ ಅನಬಾರದಲೇ. ಬರ್ತೀನಿ ಅನ್ನು."

ಅವನ ಮುಖ ಬೂದಿಯಾಯಿತು. "ಬರಾಕ ಆಗ್ಲಿಲ್ಲಂದ್ರ?"

"ಆಗ್ಲಿ ಬಿಡ್ಲಿ, ಹಂಗ ಅನ್ನೂದು ಪದ್ಧತಿ. ಬಾಯಿಗೇನು ನೋವು?"

ಬಾಗಿಲಲ್ಲಿದ್ದ ಉಮಾಳತ್ತ ತಿರುಗಿದ. "ಬರ್ತೀನಿ," ಅಂದ. ಹೋದ.

ಏಪ್ರಿಲ್ ೨೨

ಉಮಾ ಹಿಟ್ಟು ಮುಟ್ಟಿಲ್ಲ. ಬೈದು ಕೇಳಿದ ಮೇಲೆ ಬಾಯಿ ಬಿಟ್ಟಳು.

"ಯವ್ವಾ, ಅವ್ರ ಲೋಕದಾಗ ಸುಮ್ನ ಅನ್ನೂದಿಲ್ಲ. ಅಂದ್ರ ಮಾಡಬೇಕು. ಇಲ್ಲಾಂದ್ರ ಆರಿಹೋಗ್ತಾರ."

"ಆರೂದಂದ್ರ?"

"ದೀಪದಂಗ."

ನಾನು ರೀತಿ ಕಲಿಸಿದೆ ಅಂದುಕೊಂಡಿದ್ದೆ. ಆಣೆ ಹಾಕಿಸಿ ಕಳಿಸಿದ್ದೇನೆ. ನನ್ನ ಗಂಡ ರಾಮಲಿಂಗಪ್ಪ ಕಲ್ಲುಗಣಿಗೆ ಹೊರಟಾಗಲೂ ಬರ್ತೀನಿ ಅಂದಿದ್ದ. ಬಂದದ್ದು ಹೆಣ. ಆ ಮಾತಿಗೆ ಹುರುಳಿಲ್ಲ ಅಂತ ಅವತ್ತೇ ಗೊತ್ತಾಯಿತು. ಆದರೂ ಹೊಸ್ತಿಲು ದಾಟುವವರಿಂದೆಲ್ಲ ಅದನ್ನೇ ಹೇಳಿಸುತ್ತೇನೆ...

ಮೇ ೮

ಈಗ ಅವಳಿಗೂ ಕರೆ. ರವಿವಾರ ಹೊತ್ತು ಮುಳುಗುವುದರೊಳಗೆ ಸರಿಯಾದ ಬಂಡಿ ಹತ್ತಿ ಕುರ್ಡಿ ಹೊಲದಿಂದ ಏಳಬೇಕು. ಆಮೇಲೆ ಇಬ್ಬರೂ ಎದುರಾದರೆ ಅದು ಯುದ್ಧದಲ್ಲೇ.

"ನೀ ಇಲ್ಲೇ ಇರಬೇ," ಅಂದೆ.

"ಇಲ್ಲಿದ್ದು ಯಾರ ದಾರಿ ನೋಡ್ಲಿ ಯವ್ವಾ?"

ಅವನು ಹೋಗಿ ಹದಿನೇಳು ದಿನವಾಯಿತು. ಕೊಡದ ನೀರು ಗಡ್ಡೆ ಕಟ್ಟುತ್ತಿದೆ. ಒಡೆದು ಒಡೆದು ನನ್ನ ಕೈ ಸೋತಿತು.

ಮೇ ೧೧, ರವಿವಾರ. ಮಧ್ಯಾಹ್ನ ೪

ಐದರ ಮಾನ್ವಿ ಬಸ್ಸು. ಚೀಲ ಬಾಗಿಲಲ್ಲಿದೆ. ಅವಳು ಒಣಗಿದ ಸೀರೆ ತರಲು ಮಾಳಿಗೆಗೆ ಹೋಗಿದ್ದಾಳೆ. ಹೊರಡುವಾಗ ಇವಳ ಬಾಯಿಂದ ಏನು ಅನ್ನಿಸಲಿ? ಹೋಗ್ತೀನಿ ಅಂದರೆ ಅನ್ನಲಿ. ಈ ಸಲ ನಾನು ತಿದ್ದುವುದಿಲ್ಲ.

ಇವತ್ತು ಒಲೆ ಹಚ್ಚಲು ಮನಸ್ಸಾಗಲಿಲ್ಲ. ಹಂಚು ಗೋಡೆಗೆ ಒರಗಿಸಿಟ್ಟಿದ್ದೇನೆ, ತಣ್ಣಗಿದೆ. ಆದರೂ ಈಗ ಚುಂಯ್ ಅಂದದ್ದು ಎಲ್ಲಿ... ಮಾಳಿಗೆ ಮೇಲೆ —